ಹ್ಯಾಮ್ ಆಂಟೆನಾ: ಲೆಕ್ಕ ಮೊದಲೋ, ತಂತಿ ಮೊದಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದು, ತಾರಸಿಯ ಮೇಲೆ ಮೊದಲ ಆಂಟೆನಾ ಏರಿಸಲು ಹೊರಟಿರುವ ಬೆಂಗಳೂರಿನ ಹ್ಯಾಮ್‌ಗಳಿಗಾಗಿ ಈ ಪುಟ. ಉದಾಹರಣೆಗಳು ಹೆಚ್ಚಾಗಿ 40 ಮೀಟರ್ (7 ಮೆಗಾಹರ್ಟ್ಸ್) ಮತ್ತು 2 ಮೀಟರ್ (145 ಮೆಗಾಹರ್ಟ್ಸ್) ಬ್ಯಾಂಡುಗಳವು. ಬೇರೆ ಬ್ಯಾಂಡಿಗೆ ಫ್ರೀಕ್ವೆನ್ಸಿಯ ವಿಲೋಮ ಅನುಪಾತದಲ್ಲಿ ಅಳತೆ ಬದಲಿಸಿಕೊಳ್ಳಿ.

ಥಿಯರಿ ಓದದೆ ಆಂಟೆನಾ ಕಟ್ಟಬಹುದೇ?

ಕಟ್ಟಬಹುದು. ಒಂದು ಭಾಗಾಕಾರ ಬಂದರೆ ಡೈಪೋಲ್ (ನಡುವೆ ಕೇಬಲ್ ಕೊಟ್ಟ ಎರಡು ತೋಳಿನ ತಂತಿ ಆಂಟೆನಾ) ಆಗುತ್ತದೆ. ಆದರೆ ಕತ್ತರಿಸುವುದು, ನೋಡುವುದು, ಮತ್ತೆ ಕತ್ತರಿಸುವುದು ಇಷ್ಟನ್ನೇ ಮಾಡುತ್ತಿದ್ದರೆ ಕೊನೆಗೆ ಉಳಿಯುವುದು ತುಂಡು ತಂತಿಗಳ ರಾಶಿ.

"ಮಾಡಿ ನೋಡಿಯೇ ಕಲಿಯಬೇಕು" ಎನ್ನುವವರು ಯಾಗಿ-ಉಡಾ ಆಂಟೆನಾದ (ಒಂದು ಕೋಲಿನ, ಅಂದರೆ ಬೂಮಿನ, ಮೇಲೆ ಸರಳುಗಳನ್ನು ಸಾಲಾಗಿ ಜೋಡಿಸಿದ್ದು) ಉದಾಹರಣೆ ಕೊಡುತ್ತಾರೆ. ಮಾತು ನಿಜ. ಜಪಾನಿನ ಸೆಂಡಾಯ್‌ನಲ್ಲಿ ಶಿಂಟಾರೋ ಉಡಾ ಮತ್ತು ಹಿಡೆಟ್ಸುಗು ಯಾಗಿ 1926ರಲ್ಲಿ ಇದನ್ನು ಪ್ರಕಟಿಸಿದಾಗ ಅದರ ಹಿಂದಿದ್ದದ್ದು ಮುಖ್ಯವಾಗಿ ಪ್ರಯೋಗ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1976ರಲ್ಲಿ ಹೊರತಂದ, ಇಂದಿಗೂ ಹ್ಯಾಮ್‌ಗಳು ಬಳಸುವ ಯಾಗಿ ಕೋಷ್ಟಕಗಳೂ 400 ಮೆಗಾಹರ್ಟ್ಸ್‌ನಲ್ಲಿ ಅಳೆದು ಮಾಡಿದವು. ಆದರೆ ಅಲ್ಲಿ ನಡೆದದ್ದು ಕುರುಡು ಪ್ರಯತ್ನವಲ್ಲ. ಸರಳುಗಳ ಉದ್ದ, ನಡುವಿನ ಅಂತರ, ದಪ್ಪ, ಒಂದೊಂದನ್ನೇ ಬದಲಿಸಿ ಪ್ರತಿಸಲವೂ ಅಳೆದು ಬರೆದಿಟ್ಟರು. ಒಂದೇ ಸಲ ತಂತಿಯನ್ನೂ ಕತ್ತರಿಸಿ, ಎತ್ತರವನ್ನೂ ಏರಿಸಿ, ಕೇಬಲನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಅರ್ಧ ಅಲೆಯುದ್ದಕ್ಕೆ 150ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕಲ್ಲ, ಎಲ್ಲರೂ 143 ಏಕೆ ಹೇಳುತ್ತಾರೆ?

ಬೆಳಕಿನ ವೇಗದಿಂದ ಬರುವ ಸಂಖ್ಯೆ 150. ಅದು ಗಾಳಿಯಲ್ಲಿ ಹೋಗುವ ಅಲೆಗೆ. ನಿಜವಾದ ತಂತಿಗೆ ದಪ್ಪವಿದೆ, ತುದಿಯಲ್ಲಿ ಇನ್ಸುಲೇಟರ್ ಇದೆ, ತುದಿಗೂ ಸುತ್ತಲಿನ ವಸ್ತುಗಳಿಗೂ ಕೆಪಾಸಿಟೆನ್ಸ್ ಇದೆ. ಇವೆಲ್ಲ ಸೇರಿ ತಂತಿ ವಿದ್ಯುತ್ತಿನ ದೃಷ್ಟಿಯಲ್ಲಿ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ, ಆದ್ದರಿಂದ ಸುಮಾರು ಶೇ. 5 ಕಡಿಮೆ. 143 ನಿಸರ್ಗ ನಿಯಮವಲ್ಲ, ಬಹಳ ಜನರ ತಂತಿಗಳ ಸರಾಸರಿ ಎಂದುಕೊಳ್ಳಿ. ಮನೆ ವೈರಿಂಗ್‌ನ ಪಿವಿಸಿ ಹೊದಿಕೆಯ ತಂತಿ ಬಳಸಿದರೆ ಹೊದಿಕೆಯಿಂದಾಗಿ ಇನ್ನೂ ಶೇ. 2ರಿಂದ 4ರಷ್ಟು ಚಿಕ್ಕದಾಗಬೇಕಾಗುತ್ತದೆ.

ಹಾಗಾದರೆ 7.1 ಮೆಗಾಹರ್ಟ್ಸ್‌ಗೆ ಎಷ್ಟು ಕತ್ತರಿಸಲಿ?

143 ÷ 7.1 = 20.14 ಮೀಟರ್, ಅಂದರೆ ಒಂದೊಂದು ತೋಳು 10.07 ಮೀಟರ್. ಅಷ್ಟಕ್ಕೇ ಕತ್ತರಿಸಬೇಡಿ. 1.5 ಚದರ ಮಿ.ಮೀ. ಮಲ್ಟಿಸ್ಟ್ರ್ಯಾಂಡ್ ತಂತಿಯಲ್ಲಿ ತಲಾ 10.6 ಮೀಟರಿನ ಎರಡು ತುಂಡು ಮಾಡಿ, ತುದಿಯ 30 ಸೆಂ.ಮೀ.ಯನ್ನು ಇನ್ಸುಲೇಟರಿನ ತೂತಿನಲ್ಲಿ ತೂರಿಸಿ ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿ. ಹೀಗೆ ಹಿಂದಕ್ಕೆ ಸುತ್ತಿದ ಭಾಗ ಉದ್ದದ ಲೆಕ್ಕಕ್ಕೆ ಬರುವುದಿಲ್ಲ ಎನ್ನಬಹುದು. ಕೇಂದ್ರದ ಬೆಸುಗೆಯಿಂದ ಮಡಿಕೆಯವರೆಗಿನದ್ದೇ ಉದ್ದ.

ಈಗ ಪೂರ್ತಿ ಎತ್ತರಕ್ಕೆ ಏರಿಸಿ ಅಳೆಯಿರಿ. ಸೊಂಟದೆತ್ತರದಲ್ಲಿ ಅಳೆದ ಅಂಕಿ ಮೇಲೆ ಹೋದಾಗ ಉಳಿಯುವುದಿಲ್ಲ. 20.6 ಮೀಟರ್ ಉದ್ದದಲ್ಲಿ ಎಸ್‌ಡಬ್ಲ್ಯೂಆರ್ (ಪವರ್ ಎಷ್ಟು ಹಿಂದಿರುಗುತ್ತದೆಂಬ ಅಳತೆ, 1 ಎಂದರೆ ಏನೂ ಇಲ್ಲ) ಕನಿಷ್ಠ 6.92ರಲ್ಲಿ ಬಂತು ಎನ್ನೋಣ. ಹೊಸ ಉದ್ದ = 20.6 × 6.92 ÷ 7.1 = 20.08 ಮೀಟರ್. ಒಟ್ಟು 52 ಸೆಂ.ಮೀ. ಕಡಿಮೆಯಾಗಬೇಕು, ಒಂದೊಂದು ಕಡೆ 26. ಒಂದೇ ಸಲ 26 ಎಳೆಯದೆ ಮೊದಲು 18 ಸೆಂ.ಮೀ. ಮಡಚಿ, ಮತ್ತೆ ಏರಿಸಿ, ಮತ್ತೆ ಅಳೆದು ಅದೇ ಲೆಕ್ಕ ಮಾಡಿ. ಸಾಮಾನ್ಯವಾಗಿ ಎರಡನೇ ಸುತ್ತಿಗೇ ಜಾಗಕ್ಕೆ ಬರುತ್ತದೆ. ಬಂದ ಮೇಲೂ ತುಂಡರಿಸುವ ಆತುರ ಬೇಡ. ಮೆತ್ತನೆಯ ತಾಮ್ರ ಭಾರಕ್ಕೆ ಕೆಲವು ವಾರ ಹಿಗ್ಗುತ್ತದೆ, ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ಆಗ ಮತ್ತಷ್ಟು ಮಡಚಿದರಾಯಿತು.

ಉದ್ದಕ್ಕೆ ಕೇಬಲಿನ ವೆಲಾಸಿಟಿ ಫ್ಯಾಕ್ಟರ್ 0.66 ಗುಣಿಸಬೇಕೇ?

ಬೇಡ. ಅದು ಆರ್‌ಜಿ-58, ಆರ್‌ಜಿ-213 ಕೇಬಲುಗಳ ಒಳಗೆ ಹರಿಯುವ ಅಲೆಗೆ ಮಾತ್ರ. ತೋಳಿಗೆ ಗುಣಿಸಿದರೆ ಸುಮಾರು 6.6 ಮೀಟರ್ ಆಗಿ, ಡೈಪೋಲ್ 10.8 ಮೆಗಾಹರ್ಟ್ಸ್ ಹತ್ತಿರ ಹೋಗಿ ಕೂರುತ್ತದೆ.

ನಮ್ಮದು 30×40 ಸೈಟು. 20 ಮೀಟರ್ ತಂತಿ ಎಲ್ಲಿ ಕಟ್ಟುವುದು?

30×40 ಅಡಿಯ ಕರ್ಣ ಸರಿಯಾಗಿ 50 ಅಡಿ, ಅಂದರೆ 15.24 ಮೀಟರ್. ಮೂಲೆಯಿಂದ ಮೂಲೆಗೆ ಎಳೆದರೂ 5 ಮೀಟರ್ ಸಾಲದು. (40×60 ಸೈಟಿನ ಕರ್ಣ 22 ಮೀಟರ್. ಆ ಭಾಗ್ಯವಂತರು ಈ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು.)

ದಾರಿ ಎರಡಿವೆ. ಒಂದು, ನಡುವೆ ಕಂಬ ನಿಲ್ಲಿಸಿ ಎರಡೂ ತೋಳನ್ನು ಇಳಿಜಾರಾಗಿ ಇಳಿಸುವ ಇನ್ವರ್ಟೆಡ್ ವಿ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗದಿರಲಿ, ಆದರೆ 120 ಸಿಕ್ಕರೆ ಇನ್ನೂ ಒಳ್ಳೆಯದು. ಎರಡು, ಮೇಲಿನ 15 ಮೀಟರನ್ನು ನೇರ ಎಳೆದು ಎರಡೂ ತುದಿಯ ಎರಡೂವರೆ ಮೀಟರನ್ನು ಗೋಡೆಯಿಂದ ದೂರವಾಗಿ ಕೆಳಗೆ ಇಳಿಬಿಡುವುದು. ಕರೆಂಟು ಹೆಚ್ಚಿರುವುದು ನಡುವೆ, ರೇಡಿಯೇಶನ್ನಿನ ಹೆಚ್ಚಿನ ಪಾಲೂ ಅಲ್ಲಿಂದಲೇ. ತುದಿ ಬಾಗಿದರೆ ಆಗುವ ನಷ್ಟ ಅಲ್ಪ. ಥಿಯರಿಯ ಈ ಒಂದು ಮಾತು ಗೊತ್ತಿದ್ದರೆ ಬೆಂಗಳೂರಿನ ಅರ್ಧದಷ್ಟು ಜಾಗದ ತಾಪತ್ರಯ ಬಗೆಹರಿಯುತ್ತದೆ.

ಆದರೆ ಉದ್ದ ಎಷ್ಟಾಗಬೇಕೆಂದು ಇಲ್ಲಿ ಸೂತ್ರ ಹೇಳಲಾರದು. ಬಾಗಿದ ತುದಿ ತಾರಸಿಯ ಕಬ್ಬಿಣದ ಕಂಬಿಗೆ, ಸೋಲಾರ್ ಹೀಟರಿನ ಸ್ಟ್ಯಾಂಡಿಗೆ, ಬಟ್ಟೆ ಒಣಹಾಕುವ ಜಿಐ ತಂತಿಗೆ ಹತ್ತಿರವಾದಷ್ಟೂ ಫ್ರೀಕ್ವೆನ್ಸಿ ಕೆಳಗೆ ಬರುತ್ತದೆ. ಅಳೆದೇ ಸರಿಮಾಡಬೇಕು. ತುದಿಯಲ್ಲಿ ಟ್ರಾನ್ಸ್‌ಮಿಟ್ ವೇಳೆ ನೂರಾರು ವೋಲ್ಟ್ ಇರುವುದರಿಂದ ಮಕ್ಕಳ ಕೈಗೆಟುಕದ ಎತ್ತರದಲ್ಲಿ ನಿಲ್ಲಿಸಿ.

ಆಂಟೆನಾ ಲೆಕ್ಕದ ಸಾಫ್ಟ್‌ವೇರ್ ಎಸ್‌ಡಬ್ಲ್ಯೂಆರ್ 1.2 ಎನ್ನುತ್ತದೆ, ಮೀಟರ್ 2.3 ತೋರಿಸುತ್ತದೆ. ಯಾವುದನ್ನು ನಂಬಲಿ?

ಈ ಪುಟದ ಮುಖ್ಯ ಪ್ರಶ್ನೆಯೇ ಇದು. ಲೆಕ್ಕಕ್ಕೂ ಅಳತೆಗೂ ಜಗಳ ಬಂದಾಗ ಮೊದಲು ಅನುಮಾನ ಪಡಬೇಕಾದ್ದು ಅಳೆದ ರೀತಿಯನ್ನು, ಆಮೇಲೆ ಮಾಡೆಲಿಗೆ ನಾವು ಹೇಳದೆ ಬಿಟ್ಟ ಸುತ್ತಮುತ್ತಲನ್ನು, ಕಟ್ಟಕಡೆಗೆ ಸೂತ್ರವನ್ನು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ "ಥಿಯರಿ ಎಲ್ಲ ಪುಸ್ತಕದ ಬದನೆಕಾಯಿ" ಎಂದು ತೀರ್ಮಾನಿಸುತ್ತಾರೆ.

ಅಳತೆಯಿಂದ ಶುರು ಮಾಡಿ. ಆಂಟೆನಾ ತೆಗೆದು ಕೇಬಲಿನ ಮೇಲ್ತುದಿಗೆ 50 ಓಮ್ ಡಮ್ಮಿ ಲೋಡ್ (ಪವರನ್ನು ಶಾಖವಾಗಿಸುವ ರೆಸಿಸ್ಟರ್) ಹಾಕಿ. ಕೆಳಗಿನ ಮೀಟರಿನಲ್ಲಿ 1.1ರ ಆಸುಪಾಸು ಬರಬೇಕು. ಬರದಿದ್ದರೆ ಕನೆಕ್ಟರಿನ ಬೆಸುಗೆಯೋ ಕೇಬಲೋ ಕೆಟ್ಟಿದೆ. ಅದು ಸರಿಯಿದ್ದರೆ ಆಂಟೆನಾ ಮತ್ತೆ ಜೋಡಿಸಿ, ಕೇಬಲನ್ನು ಕೈಯಲ್ಲಿ ಹಿಡಿದು ಮೇಲಿಂದ ಕೆಳಕ್ಕೆ ಸವರಿ. ಅಂಕಿ ಕುಣಿದರೆ ಕೇಬಲಿನ ಹೊರಮೈಯಲ್ಲಿ ಕಾಮನ್ ಮೋಡ್ ಕರೆಂಟು ಹರಿಯುತ್ತಿದೆ, ಕೇಬಲೇ ಆಂಟೆನಾದ ಮೂರನೇ ತೋಳಾಗಿದೆ ಎಂದರ್ಥ. ಎರಡು ಮೀಟರ್ ಕೇಬಲ್ ಹೆಚ್ಚುವರಿ ಸೇರಿಸಿದಾಗ ಎಸ್‌ಡಬ್ಲ್ಯೂಆರ್ ಗಮನಾರ್ಹವಾಗಿ ಬದಲಾದರೂ ಅದೇ ರೋಗ.

ಇನ್ನು ಮಾಡೆಲ್. ಎಂಎಂಎಎನ್‌ಎ-ಗಾಲ್ ಎಂಬ ಸಾಫ್ಟ್‌ವೇರ್ ಇಂಪೀಡೆನ್ಸನ್ನು (ಓಮ್‌ನಲ್ಲಿ ಹೇಳುವ ತಡೆ) ಪರಿಪೂರ್ಣ ನೆಲದ ಮೇಲೆಂಬಂತೆ ಲೆಕ್ಕ ಹಾಕುತ್ತದೆ. ಅಲೆಯುದ್ದದ ಐದನೇ ಒಂದು ಭಾಗಕ್ಕಿಂತ ಕೆಳಗಿರುವ ಡೈಪೋಲಿಗೆ, ಅಂದರೆ 40 ಮೀಟರ್ ಬ್ಯಾಂಡಿನಲ್ಲಿ ಎಂಟು ಮೀಟರಿಗಿಂತ ಕೆಳಗೆ, ಅದು ಕೊಡುವ ಓಮ್ ಅಂಕಿ ನಂಬುವಂಥದ್ದಲ್ಲ. ಎನ್‌ಇಸಿ-2 ಆಧಾರಿತ 4ಎನ್‌ಇಸಿ2 ಅಥವಾ 2022ರಿಂದ ಉಚಿತವಾಗಿರುವ ಈಝೆಡ್‌ಎನ್‌ಇಸಿಯಲ್ಲಿ ನಿಜವಾದ ನೆಲದ ಆಯ್ಕೆ ಇದೆ, ಅದನ್ನೇ ಬಳಸಿ. ಅರ್ಧ ಅಲೆಯುದ್ದಕ್ಕೆ ಕನಿಷ್ಠ 10 ಸೆಗ್ಮೆಂಟ್ (ಲೆಕ್ಕಕ್ಕಾಗಿ ತಂತಿಯನ್ನು ವಿಭಜಿಸುವ ತುಂಡು) ಕೊಡಿ. ಆಮೇಲೆ ಅದನ್ನು ಇಮ್ಮಡಿಸಿ ನೋಡಿ, ಉತ್ತರ ಅಲುಗಾಡಿದರೆ ಮಾಡೆಲ್ ಇನ್ನೂ ಪಕ್ವವಾಗಿಲ್ಲ.

ಇಷ್ಟಾದರೂ ತಾರಸಿಯ ಒಳಗಿನ ಕಂಬಿ, ಪಕ್ಕದ ಮನೆಯ ತಗಡಿನ ಶೀಟು, ಕೇಬಲ್ ಟಿವಿಯವರು ಬಿಟ್ಟುಹೋದ ತಂತಿ ಇವನ್ನೆಲ್ಲ ಮಾಡೆಲಿಗೆ ಯಾರೂ ಹಾಕಿರುವುದಿಲ್ಲ. ಅಷ್ಟು ವ್ಯತ್ಯಾಸವನ್ನು ಒಪ್ಪಿಕೊಂಡು ತಂತಿಯ ತುದಿಯಲ್ಲಿ ಸರಿಪಡಿಸಿಕೊಳ್ಳಬೇಕು.

ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಅಂಕಿ ದಿನಕ್ಕೊಂದು ಬರುತ್ತದೆ, ಏಕೆ?

ಕ್ಯಾಲಿಬ್ರೇಶನ್ ಮಾಡಿದ ಫ್ರೀಕ್ವೆನ್ಸಿ ವ್ಯಾಪ್ತಿ ಬೇರೆ, ಅಳೆಯುವ ವ್ಯಾಪ್ತಿ ಬೇರೆ ಆಗಿರುತ್ತದೆ. ಮೊದಲು 6.5ರಿಂದ 7.7 ಎಂದು ವ್ಯಾಪ್ತಿ ಹಾಕಿ, ಓಪನ್, ಶಾರ್ಟ್, ಲೋಡ್ ಮೂರನ್ನೂ ಜೋಡಿಸಿ ಕ್ಯಾಲಿಬ್ರೇಟ್ ಮಾಡಿ, ಸೇವ್ ಮಾಡಿ. ಅಡಾಪ್ಟರ್ ಅಥವಾ ಪಿಗ್‌ಟೇಲ್ ಬಳಸುವುದಾದರೆ ಅದರ ಆಚೆಯ ತುದಿಯಲ್ಲೇ ಕ್ಯಾಲಿಬ್ರೇಟ್ ಮಾಡಬೇಕು. ಯುಎಸ್‌ಬಿ ಚಾರ್ಜರಿಗೆ ಸಿಕ್ಕಿಸಿಕೊಂಡು ಅಳೆಯಬೇಡಿ, ಬ್ಯಾಟರಿಯಲ್ಲೇ ಓಡಿಸಿ. ಪಕ್ಕದಲ್ಲಿ ಬೇರೊಂದು ಆಂಟೆನಾದಲ್ಲಿ ಯಾರಾದರೂ ಟ್ರಾನ್ಸ್‌ಮಿಟ್ ಮಾಡುತ್ತಿದ್ದರೆ ಉಪಕರಣ ಸುಟ್ಟೀತು.

ಎಸ್‌ಡಬ್ಲ್ಯೂಆರ್ 1.1 ಇದೆ. ಆದರೂ ನನ್ನನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ.

ಡಮ್ಮಿ ಲೋಡಿನ ಎಸ್‌ಡಬ್ಲ್ಯೂಆರ್ 1.0. ಅದರಿಂದ ಯಾರಿಗೂ ಕೇಳಿಸುವುದಿಲ್ಲ. ಎಸ್‌ಡಬ್ಲ್ಯೂಆರ್ ಹೇಳುವುದು ಪವರ್ ಎಷ್ಟು ಹಿಂದಿರುಗಿತು ಎಂಬುದನ್ನು ಮಾತ್ರ. ಮುಂದೆ ಹೋದದ್ದು ಆಕಾಶಕ್ಕೆ ಹೋಯಿತೋ ಶಾಖವಾಯಿತೋ ಎಂದು ಅದಕ್ಕೆ ಗೊತ್ತಿಲ್ಲ.

2 ಮೀಟರ್ ಬ್ಯಾಂಡಿನಲ್ಲಿ ಇದರ ಪರಿಣಾಮ ಜೋರು. 20 ಮೀಟರ್ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 4 ಡಿಬಿ ನುಂಗುತ್ತದೆ. ಹತ್ತು ವಾಟ್ ಕೊಟ್ಟರೆ ಮೇಲೆ ಮುಟ್ಟುವುದು ನಾಲ್ಕು. ಹಿಂದಿರುಗುವ ಪವರೂ ಅದೇ ನಷ್ಟ ಅನುಭವಿಸಿ ಬರುವುದರಿಂದ ಕೆಳಗೆ ಮೀಟರ್ ಸುಳ್ಳು ನಗು ನಗುತ್ತದೆ: ಮೇಲೆ 3 ಇದ್ದದ್ದು ಕೆಳಗೆ 1.5 ಎಂದು ಕಾಣುತ್ತದೆ. ಆಂಟೆನಾ ಕಿತ್ತುಬಿದ್ದಿದ್ದರೂ 2.3ಕ್ಕಿಂತ ಮೇಲೆ ಏರುವುದಿಲ್ಲ. ಪರೀಕ್ಷೆ ಸುಲಭ. ಮೇಲ್ತುದಿಯನ್ನು ಖಾಲಿ ಬಿಟ್ಟು ಕೆಳಗಿನಿಂದ ರಿಟರ್ನ್ ಲಾಸ್ (ಹಿಂದಿರುಗಿದ ಪವರ್ ಎಷ್ಟು ಡಿಬಿ ಕಡಿಮೆ ಎಂಬುದು) ಅಳೆಯಿರಿ, ಅದರ ಅರ್ಧವೇ ಕೇಬಲಿನ ನಷ್ಟ. 40 ಮೀಟರಿನ ಡೈಪೋಲ್ ಬ್ಯಾಂಡ್ ದಾಟಿ ಒಂದೆರಡು ಮೆಗಾಹರ್ಟ್ಸ್ ಆಚೆಗೂ 1.5ರ ಒಳಗೇ ಇದ್ದರೆ ಖುಷಿಪಡಬೇಡಿ, ಎಲ್ಲೋ ಪವರ್ ಸುಡುತ್ತಿದೆ.

ಅಂದಹಾಗೆ, 1.5 ಇದ್ದರೆ ಹಿಂದಿರುಗುವುದು ಶೇ. 4, 2 ಇದ್ದರೆ ಶೇ. 11. 1.5ರಿಂದ 1.1ಕ್ಕೆ ಇಳಿಸಲು ಒಂದು ಭಾನುವಾರ ಕಳೆಯುವುದು ವ್ಯರ್ಥ. ಅದೇ ಭಾನುವಾರ ಆಂಟೆನಾವನ್ನು ಎರಡು ಮೀಟರ್ ಏರಿಸಿ.

ಡೈಪೋಲಿಗೆ ಬಾಲನ್ (ಕೇಬಲಿನ ಹೊರಮೈಯ ಕರೆಂಟು ತಡೆಯುವ ಸುರುಳಿ) ಬೇಕೇ ಬೇಕೇ?

ಬೇಕು. ಇಲ್ಲದೆಯೂ ಮಾತಾಡಬಹುದು, ಆದರೆ ಪ್ರಯೋಗ ಮಾಡಲಾಗದು, ಏಕೆಂದರೆ ಅಳತೆ ಸ್ಥಿರವಾಗಿರುವುದಿಲ್ಲ. ಎಫ್‌ಟಿ240-43 ಫೆರೈಟ್ ರಿಂಗಿನ ಮೇಲೆ 10ರಿಂದ 12 ಸುತ್ತು ಆರ್‌ಜಿ-58 ಸುತ್ತಿ ಡೈಪೋಲಿನ ಕೇಂದ್ರದಲ್ಲೇ ಇಡಿ. ಕಂಪ್ಯೂಟರ್ ಎಸ್‌ಎಂಪಿಎಸ್‌ನಿಂದ ಕಿತ್ತ ಹಳದಿ ರಿಂಗು ಈ ಕೆಲಸಕ್ಕೆ ಬರುವುದಿಲ್ಲ, ಅದು ಕಬ್ಬಿಣದ ಪುಡಿಯದ್ದು. ಎಸ್‌.ಪಿ. ರಸ್ತೆಯಲ್ಲಿ ಹೆಸರಿಲ್ಲದ ಕಪ್ಪು ರಿಂಗ್ ಸಿಕ್ಕರೆ ಹತ್ತು ಸುತ್ತು ಹಾಕಿ ನ್ಯಾನೋವಿಎನ್‌ಎಯಲ್ಲಿ ಪರೀಕ್ಷಿಸಿ. ಕೇಬಲಿನ ಹೊರಹೆಣಿಗೆಯ ಒಂದು ತುದಿಯನ್ನು ಒಂದು ಪೋರ್ಟಿನ ನಡುಪಿನ್ನಿಗೆ, ಇನ್ನೊಂದನ್ನು ಮತ್ತೊಂದು ಪೋರ್ಟಿನ ನಡುಪಿನ್ನಿಗೆ ಕೊಟ್ಟು 7 ಮೆಗಾಹರ್ಟ್ಸ್‌ನಲ್ಲಿ ಎಷ್ಟು ತಡೆಯುತ್ತದೆ ನೋಡಿ. 20 ಡಿಬಿಗಿಂತ ಕಡಿಮೆಯಾದರೆ ಬೇರೆ ರಿಂಗ್ ಹುಡುಕಿ.

ಥಿಯರಿಯೂ ಪ್ರಯೋಗವೂ ಒಟ್ಟಿಗೆ ಕಲಿಸುವ ಸುಲಭ ಆಂಟೆನಾ ಯಾವುದು?

2 ಮೀಟರಿನ ಗ್ರೌಂಡ್ ಪ್ಲೇನ್. ಒಂದು ಎಸ್‌ಒ-239 ಚಾಸಿಸ್ ಸಾಕೆಟ್, 2 ಮಿ.ಮೀ. ಹಿತ್ತಾಳೆ ಬ್ರೇಜಿಂಗ್ ರಾಡು, ನಾಲ್ಕು 3 ಮಿ.ಮೀ. ಸ್ಕ್ರೂ ಮತ್ತು ನಟ್ ಸಾಕು. ಗಾಳಿಯಲ್ಲಿ ಕಾಲು ಅಲೆಯುದ್ದ 51.7 ಸೆಂ.ಮೀ., ಶೇ. 5 ಕಳೆದರೆ 49. ನಡುವಿನ ಸರಳನ್ನು 52ಕ್ಕೆ ಕತ್ತರಿಸಿ ಬೆಸೆಯಿರಿ. ನಾಲ್ಕು ಮೂಲೆಯ ತೂತುಗಳಿಗೆ ತಲಾ 52 ಸೆಂ.ಮೀ. ರಾಡು, ಅಂದರೆ ರೇಡಿಯಲ್, ಬಿಗಿಯಿರಿ.

ಮೊದಲು ರೇಡಿಯಲ್‌ಗಳನ್ನು ಅಡ್ಡಕ್ಕೆ ಚಾಚಿಟ್ಟು ನಡುಸರಳನ್ನು ಅರ್ಧರ್ಧ ಸೆಂ.ಮೀ. ಕತ್ತರಿಸುತ್ತ ಬನ್ನಿ. ಐದು ಮಿಲಿಮೀಟರಿಗೆ ಫ್ರೀಕ್ವೆನ್ಸಿ ಸುಮಾರು 1.4 ಮೆಗಾಹರ್ಟ್ಸ್ ಮೇಲೇರುವುದು ಕಣ್ಣಿಗೇ ಕಾಣುತ್ತದೆ. 145ಕ್ಕೆ ಬಂದಾಗಲೂ ಎಸ್‌ಡಬ್ಲ್ಯೂಆರ್ 1.4ರ ಹತ್ತಿರ ನಿಂತುಬಿಡುತ್ತದೆ. ಎಷ್ಟು ಕತ್ತರಿಸಿದರೂ ಅದು ಇಳಿಯದು, ಏಕೆಂದರೆ ಈ ಆಕಾರದ ಇಂಪೀಡೆನ್ಸ್ ಸುಮಾರು 36 ಓಮ್, 50 ÷ 36 = 1.4. ಈಗ ರೇಡಿಯಲ್‌ಗಳನ್ನು 45 ಡಿಗ್ರಿ ಕೆಳಗೆ ಬಗ್ಗಿಸಿ. ಇಂಪೀಡೆನ್ಸ್ 50ರತ್ತ ಏರಿ ಎಸ್‌ಡಬ್ಲ್ಯೂಆರ್ ಕುಸಿಯುತ್ತದೆ, ಫ್ರೀಕ್ವೆನ್ಸಿ ಸ್ವಲ್ಪ ಸರಿದರೆ ಒಂದೆರಡು ಮಿ.ಮೀ. ತಿದ್ದಿದರಾಯಿತು. ಕತ್ತರಿಯಿಂದ ಸರಿಹೋಗುವುದು ಯಾವುದು, ಆಕಾರ ಬದಲಿಸಿದರೆ ಮಾತ್ರ ಸರಿಹೋಗುವುದು ಯಾವುದು ಎಂಬುದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಯಾರೋ ಕೊಟ್ಟ ಯಾಗಿ ಅಳತೆಯನ್ನು ಮಿಲಿಮೀಟರಿಗೂ ತಪ್ಪದಂತೆ ಕಾಪಿ ಮಾಡಿದೆ. ಕೆಲಸ ಮಾಡುತ್ತಿಲ್ಲ.

ಸರಳಿನ ದಪ್ಪ ಬದಲಾಗಿರುತ್ತದೆ, ಅಥವಾ ಮರದ ಬೂಮ್ ಇದ್ದಲ್ಲಿ ಅಲ್ಯೂಮಿನಿಯಂ ಚೌಕ ಪೈಪು ಬಂದಿರುತ್ತದೆ. ಲೋಹದ ಬೂಮಿಗೆ ಸರಳನ್ನು ನೇರವಾಗಿ ತೂರಿಸಿದರೆ ಸರಳು ವಿದ್ಯುತ್ತಿನ ಲೆಕ್ಕದಲ್ಲಿ ಗಿಡ್ಡವಾಗುತ್ತದೆ, ಉದ್ದ ಹೆಚ್ಚಿಸಬೇಕು. ಪ್ಲಾಸ್ಟಿಕ್ ಹಿಡಿಕೆಯಲ್ಲಿ ಬೂಮಿನಿಂದ ಮೇಲೆ ಕೂರಿಸಿದರೆ ಈ ತೊಂದರೆ ಬಹುತೇಕ ಇಲ್ಲ. ಕಾಪಿ ಮಾಡುವುದಾದರೆ ಉದ್ದವನ್ನಷ್ಟೇ ಅಲ್ಲ, ದಪ್ಪ, ಬೂಮ್, ಹಿಡಿಕೆ ಎಲ್ಲವನ್ನೂ ಮಾಡಿ.

ಎರಡು ಆಂಟೆನಾಗಳಲ್ಲಿ ಯಾವುದು ಮೇಲು ಎಂದು ತಿಳಿಯುವುದು ಹೇಗೆ?

"ನಿನ್ನೆ ಹಳೆಯದರಲ್ಲಿ 59 ಕೊಟ್ಟರು, ಇಂದು ಹೊಸದರಲ್ಲಿ 59 ಪ್ಲಸ್ 10" ಎಂಬ ಸಿಗ್ನಲ್ ವರದಿ ಪುರಾವೆಯಲ್ಲ. ಎಚ್‌ಎಫ್‌ನಲ್ಲಿ (40 ಮೀಟರಿನಂಥ ಬ್ಯಾಂಡುಗಳಲ್ಲಿ) ಸಿಗ್ನಲ್ ನಿಮಿಷದೊಳಗೆ 10ರಿಂದ 20 ಡಿಬಿ ಏರಿಳಿಯುವುದು ಮಾಮೂಲು. ನೀವು ಹುಡುಕುತ್ತಿರುವ ವ್ಯತ್ಯಾಸ ಎರಡೋ ಮೂರೋ ಡಿಬಿ. ಎಸ್ ಮೀಟರಿನಲ್ಲಿ ಒಂದು ಎಸ್ ಎಂದರೆ 6 ಡಿಬಿ ಎಂಬುದು ಒಪ್ಪಂದ, ಆದರೆ ಬಹಳ ರೇಡಿಯೋಗಳು ಎಸ್9ರ ಕೆಳಗೆ ಅದನ್ನು ಪಾಲಿಸುವುದಿಲ್ಲ.

ಎರಡನ್ನೂ ಏರಿಸಿಟ್ಟು ಕೋಆಕ್ಸ್ ಸ್ವಿಚ್ಚಿನಲ್ಲಿ ಸೆಕೆಂಡಿನೊಳಗೆ ಅತ್ತಿತ್ತ ಮಾಡಿ, ಒಂದೇ ಸ್ಟೇಶನ್ ಕೇಳುತ್ತ ಹಲವು ಸಲ ಬರೆದುಕೊಳ್ಳಿ. ಅದಕ್ಕಿಂತ ಒಳ್ಳೆಯದು ಡಬ್ಲ್ಯೂಎಸ್‌ಪಿಆರ್ (ಕಡಿಮೆ ಪವರಿನ ಪ್ರಸಾರ ಎಷ್ಟು ಚೆನ್ನಾಗಿ ಕೇಳಿಸಿತೆಂದು ಕೇಳುಗ ಸ್ಟೇಶನ್ನುಗಳು ವರದಿ ಮಾಡುವ ವ್ಯವಸ್ಥೆ). ಎರಡು ನಿಮಿಷದ ಒಂದು ಪ್ರಸಾರ ಒಂದು ಆಂಟೆನಾದಲ್ಲಿ, ಮುಂದಿನದು ಇನ್ನೊಂದರಲ್ಲಿ, ಹೀಗೆ ಒಂದೆರಡು ಗಂಟೆ. 200 ಮಿಲಿವಾಟ್ ಸಾಕು. ಆಮೇಲೆ ಒಂದೇ ಕೇಳುಗ ಸ್ಟೇಶನ್ ಎರಡಕ್ಕೂ ಕೊಟ್ಟ ಅಂಕಿಗಳನ್ನಷ್ಟೇ ಜೋಡಿಸಿ ನೋಡಿ. ಹತ್ತಿರದ ಸ್ಟೇಶನ್ನುಗಳಿಗೆ ಒಂದು ಗೆದ್ದು, ದೂರದವುಗಳಿಗೆ ಇನ್ನೊಂದು ಗೆಲ್ಲುವುದು ಬಹಳ ಸಲ ಕಾಣುತ್ತದೆ.

ಆಂಟೆನಾ ಎತ್ತರ ಹೆಚ್ಚಿದಷ್ಟೂ ಒಳ್ಳೆಯದೇ?

ವಿಎಚ್‌ಎಫ್‌ಗೆ (2 ಮೀಟರಿನಂಥ ಬ್ಯಾಂಡುಗಳಿಗೆ) ಹೌದು. 40 ಮೀಟರಿಗೆ, ಯಾರ ಜೊತೆ ಮಾತಾಡಬೇಕೆಂಬುದರ ಮೇಲೆ. ಹತ್ತು ಮೀಟರ್ ಎತ್ತರದ ಡೈಪೋಲ್ ಹೆಚ್ಚು ಪವರನ್ನು ನೆತ್ತಿಯ ಮೇಲಕ್ಕೇ ಕಳಿಸುತ್ತದೆ, ಅದು ಅಯಾನೋಸ್ಫಿಯರ್‌ಗೆ ಬಡಿದು ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಮೇಲೆ ಮಳೆಯಂತೆ ಇಳಿಯುತ್ತದೆ. ಹಗಲಿನ ಕರ್ನಾಟಕದ ಮಾತುಕತೆಗೆ ಇದೇ ಸರಿ. 21 ಮೀಟರಿಗೆ ಏರಿಸಿದರೆ ನೆತ್ತಿಯ ದಿಕ್ಕು ಖಾಲಿಯಾಗಿ ಪವರ್ 30 ಡಿಗ್ರಿ ಕೋನದಲ್ಲಿ ದೂರದ ದೇಶಗಳತ್ತ ಹೋಗುತ್ತದೆ. ಪ್ರಯೋಗದಿಂದ ಇದನ್ನು ಕಂಡುಕೊಳ್ಳಲು ಎರಡು ಟವರ್ ಬೇಕು. ಇಲ್ಲಿ ಲೆಕ್ಕವನ್ನು ನಂಬುವುದೇ ಅಗ್ಗ.

ಎಂಡ್‌ಫೆಡ್‌ಗೆ (ತುದಿಯಲ್ಲಿ ಕೇಬಲ್ ಕೊಡುವ ತಂತಿ ಆಂಟೆನಾಗೆ) ಯಾವ ಲೆಕ್ಕ?

ಅರ್ಧ ಅಲೆಯುದ್ದದ ತಂತಿಯ ತುದಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್, ಅದನ್ನು 50ಕ್ಕೆ ಇಳಿಸಲು 49:1 ಟ್ರಾನ್ಸ್‌ಫಾರ್ಮರ್. ಎಫ್‌ಟಿ240-43 ಮೇಲೆ 2 ಸುತ್ತು ಪ್ರೈಮರಿ, 14 ಸುತ್ತು ಸೆಕೆಂಡರಿ, ಪ್ರೈಮರಿಗೆ ಅಡ್ಡಲಾಗಿ ಹೈ ವೋಲ್ಟೇಜಿನ 100 ಪಿಕೋಫ್ಯಾರಡ್ ಕೆಪಾಸಿಟರ್. 100 ವಾಟಿಗೆ ತುದಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ, ಡಬ್ಬಿಯ ಒಳಗೆ ತಂತಿಗಳ ನಡುವೆ ಅಂತರವಿರಲಿ. ಎರಡು ನಿಮಿಷ ಟ್ರಾನ್ಸ್‌ಮಿಟ್ ಮಾಡಿ, ನಿಲ್ಲಿಸಿ, ರಿಂಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಪವರ್ ಇಳಿಸಿ.

ರಿಸೀವರಿನಲ್ಲಿ ಸದಾ ಎಸ್8 ಗದ್ದಲ. ಆಂಟೆನಾ ದೋಷವೇ?

ಮೇನ್ ಸ್ವಿಚ್ ಆರಿಸಿ, ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿ. ಗದ್ದಲ ಬಿದ್ದುಹೋದರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ಬಲ್ಬು, ಚಾರ್ಜರು, ಯುಪಿಎಸ್. ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತ ಹಿಡಿಯಿರಿ. ಬೀಳದಿದ್ದರೆ ಅಕ್ಕಪಕ್ಕದ್ದು. ಆಗ ಆಂಟೆನಾವನ್ನು ಮನೆಯಿಂದ ದೂರ ಸರಿಸುವುದು, ಕೇಬಲಿಗೆ ಮೇಲೊಂದು ಕೆಳಗೊಂದು ಫೆರೈಟ್ ಹಾಕುವುದು ಇವೇ ಉಪಾಯ.

ಯಾವ ಪ್ರಯೋಗ ಮಾಡಲೇಬಾರದು?

ಬೆಸ್ಕಾಂ ತಂತಿಯ ಹತ್ತಿರದ್ದು. ಕಂಬ ಯಾವ ಕಡೆ ಬಿದ್ದರೂ, ತಂತಿ ಎಲ್ಲಿ ತುಂಡಾದರೂ ವಿದ್ಯುತ್ ತಂತಿಗೆ ತಾಕಬಾರದು. ಅಷ್ಟು ಜಾಗವಿಲ್ಲದಿದ್ದರೆ ಆ ಆಂಟೆನಾ ಬೇಡ. ಹೊದಿಕೆಯ ತಂತಿ ಎಂಬ ಧೈರ್ಯ ಕೆಲಸಕ್ಕೆ ಬಾರದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಸಂಜೆಗೆ ಹೇಳದೆ ಬರುತ್ತದೆ, ಆದ್ದರಿಂದ ಬಳಸದಾಗ ಕೇಬಲ್ ಬಿಚ್ಚಿ ಹೊರಗೆ ಹಾಕುವ ಅಭ್ಯಾಸವಿರಲಿ.

ಮಳೆಗಾಲ ಬಂದ ಮೇಲೆ ಎಸ್‌ಡಬ್ಲ್ಯೂಆರ್ ಕೆಟ್ಟಿದೆ. ತಂತಿ ಮತ್ತೆ ಕತ್ತರಿಸಲೇ?

ಕತ್ತರಿಸಬೇಡಿ. ತಂತಿ ಒದ್ದೆಯಾದಾಗ ಫ್ರೀಕ್ವೆನ್ಸಿ ಸ್ವಲ್ಪ ಕೆಳಗಿಳಿದು ಒಣಗಿದಾಗ ಮರಳುವುದು ಸಹಜ. ಎರಡು ದಿನ ಬಿಸಿಲು ಬಿದ್ದರೂ ಮರಳದಿದ್ದರೆ ನೀರು ಕೇಬಲಿನೊಳಗೆ ಹೋಗಿದೆ. ಮೇಲಿನ ಪಿಎಲ್-259 ಕನೆಕ್ಟರ್ ಬಿಚ್ಚಿ ಒಂದು ಗೇಣು ಕೇಬಲ್ ಸುಲಿಯಿರಿ. ಹೆಣಿಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ, ಒಂದೆರಡು ಮೀಟರಿನಲ್ಲೂ ಸಿಗದಿದ್ದರೆ ಕೇಬಲನ್ನೇ ಬದಲಿಸಿ. ಹೊಸ ಕನೆಕ್ಟರಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು ಕೆಳಗಿಂದ ಮೇಲಕ್ಕೆ ಎಳೆದು ಸುತ್ತಿ, ಮೇಲೊಂದು ಪದರ ಪಿವಿಸಿ ಟೇಪ್ ಹಾಕಿ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಬಗೆಯದನ್ನು ಕೇಳಿ ತನ್ನಿ. ಕಿಟಕಿಯೊಳಗೆ ಬರುವ ಮುನ್ನ ಕೇಬಲ್ ಒಂದು ಅಡಿ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಇಟ್ಟರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ರೇಡಿಯೋದ ಹಿಂಭಾಗಕ್ಕೆ ಇಳಿಯುವುದಿಲ್ಲ.